ಕೆಳಗೂ ಕೆಂಡ, ಮೇಲೂ ಕೆಂಡ

ಕೇಕು ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಹೇಳಿ ನೋಡೋಣ. ಬೇಕರಿಯ ಗಾಜಿನ ಪೆಟ್ಟಿಗೆ, ಅದರೊಳಗೆ ಬಿಳಿ ಕೆನೆ, ಮೇಲೊಂದು ಕೆಂಪು ಚೆರ್ರಿ, ಅಲ್ಲವೇ? ಮೊಟ್ಟೆ ಹಾಕಿದ್ದಾರೋ ಇಲ್ಲವೋ ಎಂಬ ಅನುಮಾನ ಬೇರೆ. ಆದರೆ ನಮ್ಮ ಕರಾವಳಿಯ ಅಜ್ಜಿಯಂದಿರು ಓವನ್ನಿನ ಹೆಸರನ್ನೇ ಕೇಳದೆ, ಮೊಟ್ಟೆ ಮೈದಾ ಮುಟ್ಟದೆ, ಮಳೆಗಾಲದ ಸೌತೆಕಾಯಿ ತುರಿದು ಕೇಕು ಮಾಡುತ್ತಿದ್ದರು ಎಂದರೆ ನಂಬುತ್ತೀರಾ?

ಅದರ ಹೆಸರು ತವಸಳಿ. ಕೊಂಕಣಿಯಲ್ಲಿ ತವಶೆ ಎಂದರೆ ಸೌತೆಕಾಯಿ. ಕೆಲವರು ತವಸೊಳಿ ಎಂದೂ ಹೇಳುತ್ತಾರೆ. ಕಾರವಾರ, ಅಂಕೋಲಾ, ಕುಮಟಾ ಕಡೆಯ ಸೋದರಿಯರು ಇದನ್ನು ಓದಿ, "ಇದರಲ್ಲೇನು ಹೊಸತು?" ಎಂದು ನಗಬಹುದು. ಗೋವೆಯಲ್ಲೂ ಇದುಂಟು, ಅಲ್ಲಿ ಹಬೆಯಲ್ಲಿ ಬೇಯಿಸುವವರೂ ಇದ್ದಾರೆ. ಮಹಾರಾಷ್ಟ್ರದ ಕೊಂಕಣದಲ್ಲಿ ಮಾಡುವ ಧೊಂಡಸ್ ಇದರ ಅಕ್ಕನೋ ತಂಗಿಯೋ ಆಗಬೇಕು. ಘಟ್ಟದ ಮೇಲಿನವಳಾದ ನನಗೆ ಮಾತ್ರ ಮದುವೆಯಾಗುವವರೆಗೂ ಇದರ ಗಂಧಗಾಳಿ ಇರಲಿಲ್ಲ.

ನನ್ನ ತವರು ಹಾವೇರಿ ಕಡೆ. ಮನೆಮಾತು ಕೊಂಕಣಿಯೇ ಆದರೂ ಮೂರು ತಲೆಮಾರಿನಿಂದ ಅಲ್ಲೇ ಇದ್ದು ನಮ್ಮ ಊಟವೆಲ್ಲ ಜೋಳದ ರೊಟ್ಟಿಗೆ ತಿರುಗಿಬಿಟ್ಟಿತ್ತು. ಸೌತೆಕಾಯಿ ಎಂದರೆ ರೊಟ್ಟಿ ಜೊತೆ ಹಸಿಯಾಗಿ ಕಚ್ಚಿ ತಿನ್ನುವುದು, ಬಹಳವಾದರೆ ಕೋಸಂಬರಿ. 2001ರಲ್ಲಿ ಮದುವೆಯಾಗಿ ಕುಮಟಾ ಹತ್ತಿರದ ಹಳ್ಳಿಗೆ ಹೋದೆ ನೋಡಿ, ಆ ವರ್ಷ ಶ್ರಾವಣದಲ್ಲಿ ಮೊದಲ ಬಾರಿ ನೋಡಿದೆ. ಮೊಣಕೈಯುದ್ದದ, ಬಲಿತು ಹಳದಿ ತಿರುಗಿದ ಸೌತೆಕಾಯಿ. ಅತ್ತೆ ಅದನ್ನು ತುರಿದು, ರವೆ ಬೆಲ್ಲ ಕಾಯಿತುರಿ ಕಲಸಿ, ಕಲಾಯಿ ಹಾಕಿದ ತಾಮ್ರದ ಪಾತ್ರೆಯಲ್ಲಿ ಬಾಳೆ ಎಲೆ ಹಾಸಿ ಸುರಿದರು. ಒಲೆಯಲ್ಲಿ ಉರಿ ಹಿಂದಕ್ಕೆ ಎಳೆದು ಕೆಂಡ ಮಾತ್ರ ಉಳಿಸಿದರು. ಪಾತ್ರೆಗೆ ತಟ್ಟೆ ಮುಚ್ಚಿ ಆ ತಟ್ಟೆಯ ಮೇಲೂ ತೆಂಗಿನ ಕರಟದ ಕೆಂಡ ಹರಡಿದರು. ಕೆಳಗೂ ಕೆಂಡ, ಮೇಲೂ ಕೆಂಡ! ಮುಕ್ಕಾಲು ಗಂಟೆಯಲ್ಲಿ ಇಡೀ ಮನೆ ಏಲಕ್ಕಿ, ಬೆಲ್ಲ, ಸುಟ್ಟ ಬಾಳೆ ಎಲೆಯ ವಾಸನೆಯಿಂದ ತುಂಬಿಹೋಯಿತು. ಮೇಲೆ ಕಂದು ಬಣ್ಣದ ಗರಿ, ಒಳಗೆ ಮೆತ್ತಗೆ. ಹೊಸ ಸೊಸೆ ಎಂಬುದನ್ನೂ ಮರೆತು ನಾಲ್ಕು ಹೋಳು ತಿಂದೆ.

"ಅಳತೆ ಹೇಗೆ ಅತ್ತೆ?" ಅಂತ ಕೇಳಿದೆ.

"ಅಳತೆ ಎಂಥದು? ಹದ ಬರುವಷ್ಟು," ಎಂದರು. (ಅತ್ತೆ ಮಾತಾಡುವುದು ಕೊಂಕಣಿಯಲ್ಲಿ. ನಿಮಗೆ ತಿಳಿಯಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

"ಬೆಲ್ಲ ಎಷ್ಟು?"

"ಸಿಹಿಯಾಗುವಷ್ಟು."

ಹೀಗೆ ಎರಡು ಶ್ರಾವಣ ಕೇಳಿದೆ, ಎರಡು ಸಲವೂ ಇದೇ ಉತ್ತರ. ಬೇಕೆಂತಲೇ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಲೆಕ್ಕ. ಅದರ ಮೇಲೆ ಒಂದು ದಿನ ಮನೆಗೆ ಬಂದ ನೆಂಟರ ಮುಂದೆ, "ಅವಳ ಊರಲ್ಲಿ ರೊಟ್ಟಿ ಬಡಿಯುವುದು ಬಿಟ್ಟರೆ ಬೇರೆ ಏನು ಗೊತ್ತು ಅವರಿಗೆ?" ಎಂದು ನಕ್ಕುಬಿಟ್ಟರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಕೈಯಲ್ಲಿದ್ದ ಸೋಸುಕ ಹಾಗೇ ನಿಂತುಬಿಟ್ಟಿತು. ನಿಮಗೂ ಗೊತ್ತಲ್ಲ, ಇಂಥ ಮಾತು ಹೇಳಿದವರಿಗೆ ಸಂಜೆಗೇ ಮರೆತುಹೋಗುತ್ತೆ. ಕೇಳಿಸಿಕೊಂಡವರಿಗೆ ವರ್ಷಗಟ್ಟಲೆ ನೆನಪಿರುತ್ತೆ.

2003ರಲ್ಲಿ ನಮ್ಮವರ ಕೆಲಸಕ್ಕಾಗಿ ಹಾವೇರಿಗೇ ಬಂದೆವು. ಗ್ಯಾಸಿನ ಒಲೆ, ಎರಡು ಕೋಣೆಯ ಮನೆ. ತವಸಳಿಯನ್ನು ಮರೆತೆ, ಮರೆತ ಹಾಗೆ ನಟಿಸಿದೆ ಎನ್ನಿ. 2016ರಲ್ಲಿ ಮಾವನವರು ತೀರಿಕೊಂಡರು. ಹಳ್ಳಿಯ ಮನೆಗೆ ಬೀಗ ಹಾಕಿ ಅತ್ತೆಯನ್ನು ಕರೆದುಕೊಂಡು ಬಂದೆವು.

ಬರುವ ಮುಂಚೆ ನನಗೆ ಭಯವಿತ್ತು, ಸುಳ್ಳೇಕೆ ಹೇಳಲಿ. ಸಾರಿಗೆ ಉಪ್ಪು ಹೆಚ್ಚು, ಅನ್ನ ಮುದ್ದೆ, ಕಸಬರಿಗೆ ಇಟ್ಟ ಜಾಗ ಸರಿಯಿಲ್ಲ ಎಂದು ದಿನವೂ ಕೇಳಬೇಕಾಗುತ್ತೆ ಅಂದುಕೊಂಡಿದ್ದೆ. ಆದದ್ದೇ ಬೇರೆ. ಅತ್ತೆ ಏನೂ ಹೇಳಲಿಲ್ಲ. ಅಡುಗೆಮನೆಯ ಹೊಸ್ತಿಲನ್ನೇ ದಾಟಲಿಲ್ಲ. "ಅದು ನಿನ್ನ ಅಡುಗೆಮನೆ," ಎಂದು ಒಮ್ಮೆ ಹೇಳಿದ್ದೇ ಕೊನೆ. ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಕಿಟಕಿ ಹತ್ತಿರ ಕೂತುಬಿಡುವರು. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅದನ್ನೂ ತಿಂದು ಎದ್ದರು!

"ಅಮ್ಮ ಸುಮ್ಮನಿದ್ದಾಳಲ್ಲ, ನಿನಗೆ ಒಳ್ಳೇದೇ ಆಯ್ತಲ್ಲ," ಅಂದರು ನಮ್ಮವರು. ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದ ಹೆಂಗಸು ತಪ್ಪು ಹುಡುಕುವುದನ್ನು ಬಿಟ್ಟರೆ ಅದು ಸಮಾಧಾನವಲ್ಲ. ಅವರು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಡಾಕ್ಟರಿಗೆ ತೋರಿಸಿದೆವು. ರಕ್ತ, ಸಕ್ಕರೆ, ಎದೆ ಎಲ್ಲ ನೋಡಿ, "ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ," ಎಂದರು.

ಮಾರನೇ ವರ್ಷದ ಶ್ರಾವಣದಲ್ಲಿ ನಮ್ಮವರ ಚಿಕ್ಕಪ್ಪನ ಮಗ ಊರಿನಿಂದ ಬಂದವನು ಗೋಣಿಚೀಲದಲ್ಲಿ ಮೂರು ಬಲಿತ ಸೌತೆಕಾಯಿ ತಂದ. ನಮ್ಮದೇ ಮನೆ ಹಿತ್ತಲಿನ ಬಳ್ಳಿಯದ್ದು. ಅತ್ತೆ ಅವುಗಳ ಮೇಲೆ ಕೈಯಾಡಿಸಿ ಬಾಳೆನಾರಿನಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದರು. ಊರಲ್ಲಿ ಅಟ್ಟದ ತೊಲೆಗೆ ಹಾಗೆ ತೂಗುಹಾಕಿದರೆ ನೆಲಕ್ಕೆ ತಾಗದೆ, ಗಾಳಿಯಾಡಿ ಬಹಳ ದಿನ ಕೆಡುವುದಿಲ್ಲ. ಅವುಗಳನ್ನು ನೋಡಿ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು. ತವಸಳಿ ಮಾಡಿಕೊಟ್ಟರೆ ಹೇಗೆ?

ಮೊದಲ ಸಲದ ಕಥೆ ಕೇಳಿ. ತುರಿದೆ, ಬೆಲ್ಲ ರವೆ ಹಾಕಿದೆ. ಗಟ್ಟಿ ಅನ್ನಿಸಿತು. ಕೇಕಿನ ಹಿಟ್ಟು ಸುರಿಯುವ ಹಾಗಿರಬೇಕಲ್ಲ ಎಂದು ಒಂದು ಲೋಟ ನೀರು ಸುರಿದೆ. ಓವನ್ ಇಲ್ಲ, ಕುಕ್ಕರಿನ ತಳಕ್ಕೆ ಮರಳು ಹಾಕಿ ಡಬ್ಬಿ ಇಟ್ಟೆ. ಮುಚ್ಚಳದ ರಬ್ಬರು ತೆಗೆಯಬೇಕೆಂಬುದು ಹೊಳೆಯಲೇ ಇಲ್ಲ. ಅರ್ಧ ಗಂಟೆಗೆ ಬೀದಿಗೆಲ್ಲ ರಬ್ಬರು ಸುಟ್ಟ ವಾಸನೆ! ತೆಗೆದು ನೋಡಿದರೆ ತಳ ಇದ್ದಿಲು, ಮೇಲೆ ಗಂಜಿ. "ಪಾಯಸ ಅಂತ ತಿನ್ನಬಹುದು," ಎಂದರು ನಮ್ಮವರು. ಅತ್ತೆ ಒಂದು ಚಮಚ ತಿಂದರು, ಚಮಚ ಕೆಳಗಿಟ್ಟರು. ಮಾತಿಲ್ಲ.

ನಾಲ್ಕು ದಿನ ಬಿಟ್ಟು ಎರಡನೇ ಕಾಯಿ ತೆಗೆದೆ. ಈ ಸಲ ನೀರು ಕಡಿಮೆ, ರಬ್ಬರು ಹೊರಗೆ. ಆಕಾರವೇನೋ ಬಂತು. ಖುಷಿಯಿಂದ ತಟ್ಟೆಗೆ ಹಾಕಿ ಎಲ್ಲರಿಗೂ ಕೊಟ್ಟೆ. ಮಗಳು ಬಾಯಿಗಿಟ್ಟವಳು ಉಗಿಯಲು ಬಚ್ಚಲಿಗೆ ಓಡಿದಳು. ಹಾಗಲಕಾಯಿಗಿಂತ ಕಹಿ! ಬೆಲ್ಲ, ತುಪ್ಪ, ಗೋಡಂಬಿ, ಒಂದು ಮಧ್ಯಾಹ್ನ, ಎಲ್ಲ ಹಾಳು. ನಾನು ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು ಅಂತ ಕಾಣುತ್ತೆ.

ಕಿಟಕಿಯ ಹತ್ತಿರದಿಂದ ದನಿ ಬಂತು. "ತುರಿಯುವ ಮೊದಲು ತುದಿ ಕೊಯ್ದು ರುಚಿ ನೋಡಿದ್ಯೇನೆ?"

ಏನು ಬೇಕು, ಏನು ಬೇಡ ಎಂಬ ಎರಡು ಮಾತು ಬಿಟ್ಟರೆ ಅತ್ತೆ ನನಗೆ ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು, ಎಷ್ಟೋ ತಿಂಗಳ ಮೇಲೆ.

ಮರುದಿನ ಈಳಿಗೆಮಣೆಯ ಸದ್ದು ಕೇಳಿ ಕೋಲೂರಿಕೊಂಡು ತಾವೇ ಒಳಗೆ ಬಂದರು. ಸ್ಟೂಲ್ ಎಳೆದು ಕೂತರು. ಮೂರನೇ ಕಾಯಿಯ ಎರಡೂ ತುದಿ ಕೊಯ್ದು ತಾವು ಚೂರು ತಿಂದು ನನಗೂ ಕೊಟ್ಟರು. ಸಿಹಿಯಾಗಿತ್ತು. ತುರಿದು ಬೆಲ್ಲ ಸೇರಿಸಿದ ಮೇಲೆ ಅಭ್ಯಾಸಬಲದಿಂದ ನನ್ನ ಕೈ ನೀರಿನ ತಂಬಿಗೆಗೆ ಹೋಯಿತು. ಅತ್ತೆ ಫಟ್ಟೆಂದು ಕೈ ಮೇಲೆ ಹೊಡೆದರು.

"ನೀರು ಯಾರು ಕೇಳಿದರು ನಿನ್ನನ್ನು? ಮುಚ್ಚಿಟ್ಟು ಸುಮ್ಮನೆ ಕೂತುಕೋ. ಸೌತೆಕಾಯಿ ತಾನೇ ನೀರು ಬಿಡುತ್ತೆ."

ಕೂತೆವು. ಅರ್ಧ ಗಂಟೆ. ಮಾಡಲು ಬೇರೆ ಕೆಲಸವೂ ಇರಲಿಲ್ಲ. ಆ ಅರ್ಧ ಗಂಟೆಯಲ್ಲಿ ಅತ್ತೆ ತಮ್ಮ ಮೊದಲ ತವಸಳಿಯ ಕಥೆ ಹೇಳಿದರು. ಮದುವೆಯಾಗಿ ಬಂದಾಗ ಅವರಿಗೆ ಹದಿನಾರು. ಕೆಳಗಿನ ಕೆಂಡ ಹೆಚ್ಚಾಗಿ ತಳ ಹತ್ತಿತಂತೆ. ಅವರ ಅತ್ತೆ ಅದನ್ನು ಪಂಕ್ತಿಗೆ ಕೂತ ಎಲ್ಲರಿಗೂ ತೋರಿಸಿ, ಇವರ ಕೈಯಿಂದಲೇ ಎಮ್ಮೆಗೆ ಹಾಕಿಸಿದರಂತೆ. "ಎಮ್ಮೆಯೂ ಮೂಸಿ ಬಿಟ್ಟಿತು," ಎಂದು ಅತ್ತೆ ನಕ್ಕರು. ನಾನೂ ನಕ್ಕೆ.

"ನನಗೆ ಅಳತೆ ಯಾಕೆ ಹೇಳಿಕೊಡಲಿಲ್ಲ ನೀವು?" ಅಂತ ಧೈರ್ಯ ಮಾಡಿ ಕೇಳಿಬಿಟ್ಟೆ.

"ನನಗೆ ಯಾರು ಹೇಳಿಕೊಟ್ಟಿದ್ದಾರೆ? ನನಗೇ ಗೊತ್ತಿಲ್ಲದ್ದನ್ನು ನಿನಗೆ ಎಲ್ಲಿಂದ ತಂದು ಹೇಳಲಿ?" ಎಂದರು.

ನೋಡಿ, ಹದಿನೈದು ವರ್ಷ ನಾನು ಜಿಪುಣತನ ಎಂದುಕೊಂಡದ್ದು ಇದು! ಅದೇ ಉಸಿರಿನಲ್ಲಿ ರೊಟ್ಟಿಯ ಮಾತನ್ನೂ ಎತ್ತಿದೆ. ಅವರಿಗೆ ನೆನಪೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿರಬಹುದು. ನನ್ನ ಬಾಯಿ ಅಂಥದ್ದೇ," ಎಂದರು. ಆಮೇಲೆ, "ರೊಟ್ಟಿ ಬಡಿಯುವುದು ಸುಲಭವಲ್ಲ. ನಾನು ಒಂದು ಸಲ ಬಡಿಯಲು ಹೋಗಿ ಮೂರು ತುಂಡಾಗಿತ್ತು, ಯಾರಿಗೂ ಹೇಳಿಲ್ಲ," ಎಂದರು. ಕ್ಷಮೆ ಕೇಳಿದ ಹಾಗೂ ಅಲ್ಲ, ಕೇಳದ ಹಾಗೂ ಅಲ್ಲ. ನನಗೆ ಅಷ್ಟು ಸಾಕಾಯಿತು.

ಮುಚ್ಚಳ ತೆಗೆದು ನೋಡಿದರೆ ಪಾತ್ರೆಯ ಅಂಚಿನಲ್ಲಿ ನೀರೋ ನೀರು! ಬೆಲ್ಲ ಮತ್ತು ಚಿಟಿಕೆ ಉಪ್ಪು ತುರಿಯಲ್ಲಿರುವ ನೀರನ್ನು ಹೊರಗೆಳೆಯುತ್ತವೆ. ಕೋಸಂಬರಿಗೆ ಉಪ್ಪು ಹಾಕಿಟ್ಟರೆ ನೀರೊಡೆಯುವುದಿಲ್ಲವೇ, ಅದೇ ಲೆಕ್ಕ. ಆ ನೀರಲ್ಲೇ ರವೆ ನೆನೆದು ಉಬ್ಬಬೇಕು. ಒಂದೊಂದು ಕಾಯಿಯಲ್ಲಿ ನೀರು ಒಂದೊಂದು ಥರ ಇರುವುದರಿಂದಲೇ ಅತ್ತೆಗೆ ಅಳತೆ ಹೇಳಲಾಗುತ್ತಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಅವರು ಮುಷ್ಟಿಯಲ್ಲಿ ಎತ್ತಿದ್ದನ್ನೆಲ್ಲ ಮೊದಲು ಲೋಟಕ್ಕೆ ಹಾಕಿಸಿ ಅಳೆದು ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಅದನ್ನೇ ನಿಮಗೂ ಕೊಡುತ್ತಿದ್ದೇನೆ.

ಬೇಕಾಗುವ ಸಾಮಾನು: ಬಲಿತ ಸೌತೆಕಾಯಿಯ ತುರಿ (ಸಿಪ್ಪೆ, ಬೀಜ, ತಿರುಳು ತೆಗೆದದ್ದು) 1½ ಲೋಟ, ಇಡ್ಲಿ ರವೆ 1 ಲೋಟ, ಪುಡಿ ಮಾಡಿದ ಬೆಲ್ಲ ¾ ಲೋಟ, ಹಸಿ ಕಾಯಿತುರಿ ½ ಲೋಟ, ತುಪ್ಪ 3 ಚಮಚ, ಏಲಕ್ಕಿ 4, ಗೋಡಂಬಿ 10, ಚಿಟಿಕೆ ಉಪ್ಪು, ಬಾಳೆ ಎಲೆ.

ಮಾಡುವ ಕ್ರಮ: ಮೊದಲು ಕಾಯಿಯ ಎರಡೂ ತುದಿ ಕೊಯ್ದು ರುಚಿ ನೋಡಿ. ಕಹಿ ಸಾಮಾನ್ಯವಾಗಿ ತೊಟ್ಟಿನ ಕಡೆ ಹೆಚ್ಚು. ತುದಿ ಉಜ್ಜಿ ನೊರೆ ತೆಗೆದರೆ ಕಹಿ ಪೂರ್ತಿ ಹೋಗುತ್ತೆ ಎಂದು ನೆಚ್ಚಿಕೊಳ್ಳಬೇಡಿ. ಬೇಯಿಸಿದರೂ ಬೆಲ್ಲ ಸುರಿದರೂ ಅದು ಹೋಗುವುದಿಲ್ಲ. ತೀರಾ ಕಹಿ ಕಾಯಿ ತಿಂದರೆ ವಾಂತಿ ಭೇದಿಯೂ ಆಗಬಹುದು, ಎಸೆದುಬಿಡಿ. ಒಳ್ಳೆಯ ಕಾಯಿ ತುರಿದು, ರಸ ಹಿಂಡದೆ, ಬೆಲ್ಲ ಉಪ್ಪು ಬೆರೆಸಿ ಅರ್ಧ ಗಂಟೆ ಮುಚ್ಚಿಡಿ. ರವೆಯನ್ನು ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು ಆರಿಸಿ. ಎಲ್ಲ ಸೇರಿಸಿ ಮತ್ತೆ ಕಾಲು ಗಂಟೆ ಬಿಡಿ. ಹಿಟ್ಟು ಸುರಿಯುವ ಹಾಗಿರಬಾರದು, ಚಮಚದಿಂದ ದೊಪ್ಪೆಂದು ಬೀಳಬೇಕು. ತೆಳುವಾಯಿತೆಂದರೆ ಒಂದು ಹಿಡಿ ರವೆ ಸೇರಿಸಿ. ತೀರಾ ಗಟ್ಟಿಯಾದರೆ ಮಾತ್ರ ಎರಡು ಚಮಚ ಹಾಲು.

ದಪ್ಪ ತಳದ ಪಾತ್ರೆಗೆ ತುಪ್ಪ ಸವರಿ, ಬಾಡಿಸಿದ ಬಾಳೆ ಎಲೆ ಹಾಸಿ, ಹಿಟ್ಟು ಹಾಕಿ. ಅರಿಶಿನದ ಎಲೆ ಸಿಕ್ಕರೆ ಇನ್ನೂ ಚೆನ್ನ. ನಾವು ಆ ದಿನ ಹಿತ್ತಲಲ್ಲಿ ಮೂರು ಇಟ್ಟಿಗೆ ಹೂಡಿ ಕರಟದ ಕೆಂಡ ಮಾಡಿದೆವು. ಕೆಳಗೆ ಕೆಂಡ ಕಡಿಮೆ, ಮೇಲೆ ಹೆಚ್ಚು, ಇದೇ ಗುಟ್ಟು. ಕೆಳಗಿನದು ಜೋರಾದರೆ ತಳ ಹತ್ತುತ್ತೆ, ಮೇಲಿನದು ಇಲ್ಲದಿದ್ದರೆ ಮೇಲ್ಭಾಗ ಹಸಿ ಉಳಿಯುತ್ತೆ. ಕೆಂಡದ ಕೆಲಸ ಬಯಲಲ್ಲೇ ಮಾಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಪ್ರಾಣಕ್ಕೇ ಅಪಾಯ.

ಗ್ಯಾಸಿನವರು ಹಳೆಯ ದಪ್ಪ ಬಾಣಲೆಯಲ್ಲಿ ಒಂದು ಲೋಟ ಉಪ್ಪು ಹರಡಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ 45 ನಿಮಿಷ. ಕುಕ್ಕರನ್ನು ನೀರಿಲ್ಲದೆ ಕಾಯಿಸಿದರೆ ಅದು ಹಾಳಾಗಬಹುದು. ನನ್ನದು ಹಾಳಾದ ಮೇಲೆ ಬುದ್ಧಿ ಬಂತು. ಓವನ್ ಇದ್ದವರಿಗೆ 180 ಡಿಗ್ರಿ, 40ರಿಂದ 45 ನಿಮಿಷ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಪೂರ್ತಿ ಆರಿದ ಮೇಲೆಯೇ ಕೊಯ್ಯಿರಿ, ಬಿಸಿಯಲ್ಲಿ ಕೊಯ್ದರೆ ಉದುರುತ್ತೆ. ಒಳಗೆ ತೇವವಿರುವುದರಿಂದ ಹೊರಗೆ ಒಂದು ದಿನ ಮಾತ್ರ, ಆಮೇಲೆ ಫ್ರಿಜ್ಜಿನಲ್ಲಿಡಿ.

ಹಗುರವಾಗಿ ಉಬ್ಬಬೇಕು ಎನ್ನುವವರು ಎರಡು ಚಮಚ ಮೊಸರು, ಕಾಲು ಚಮಚ ಅಡುಗೆ ಸೋಡಾ ಹಾಕಬಹುದು. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಗುಳ್ಳೆ ಎಬ್ಬಿಸುತ್ತೆ. ಅದಕ್ಕೇ ಸೋಡಾ ಹಾಕಿದ ಮೇಲೆ ಕಾಯದೆ ಕೂಡಲೇ ಒಲೆಗಿಡಬೇಕು. ಹೆಚ್ಚಾದರೆ ಸೋಪಿನ ರುಚಿ ಬರುತ್ತೆ. ಒಮ್ಮೆ ನಾನು ಹೀಗೆ ಮಾಡಿದಾಗ ಅತ್ತೆ ತಿಂದು ನೋಡಿ, "ಚೆನ್ನಾಗಿದೆ, ಆದರೆ ಇದು ಕೇಕು. ತವಸಳಿ ಅಲ್ಲ," ಎಂದು ತೀರ್ಪು ಕೊಟ್ಟರು.

ತರಕಾರಿ ಹಾಕಿ ಸಿಹಿ ಬ್ರೆಡ್ಡು, ಕೇಕು ಮಾಡುವುದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದ ಮನೆಗಳಲ್ಲಿ ಸಿಹಿಗುಂಬಳದ ಬ್ರೆಡ್ಡು, ನಮ್ಮ ಸೌತೆಕಾಯಿಯ ಹಾಗೇ ಕಾಣುವ ಜುಕಿನಿಯ ಬ್ರೆಡ್ಡು ಮಾಡುತ್ತಾರೆ. ಈಸ್ಟ್ ಹಾಕಿ ಗಂಟೆಗಟ್ಟಲೆ ಹುದುಗಿಸುವುದಿಲ್ಲ, ಸೋಡಾ ಬೆರೆಸಿ ಕೂಡಲೇ ಬೇಯಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸಕ್ಕರೆಗೆ ರೇಷನ್ ಬಂತು. 1940ರಲ್ಲಿ ಶುರುವಾದದ್ದು 1953ರವರೆಗೂ ಹೋಗಲಿಲ್ಲ. ಆಗ ಅಲ್ಲಿನ ಗೃಹಿಣಿಯರು ಸಿಹಿಗೂ ಮೆತ್ತಗಿರಲಿಕ್ಕೂ ಕ್ಯಾರೆಟ್ ತುರಿದು ಹಾಕುತ್ತಿದ್ದರು. ದೇಶ ಯಾವುದಾದರೇನು, ಇದ್ದುದರಲ್ಲೇ ಹಬ್ಬ ಮಾಡುವ ಕೆಲಸ ಎಲ್ಲ ಕಡೆಯೂ ಹೆಂಗಸರದ್ದೇ ತಾನೇ?

ನಮ್ಮ ಮೂರನೇ ತವಸಳಿ ಹೇಗಾಯಿತು ಎಂದು ಕೇಳುತ್ತೀರಾ? ಒಂದು ಬದಿ ಸ್ವಲ್ಪ ಕಪ್ಪಾಗಿತ್ತು. ಅತ್ತೆ ಆ ಕಪ್ಪು ಬದಿಯನ್ನೇ ತಮ್ಮ ತಟ್ಟೆಗೆ ಹಾಕಿಸಿಕೊಂಡರು. ಎರಡು ಹೋಳು ತಿಂದು ಮೂರನೆಯದಕ್ಕೆ ಕೈ ಚಾಚಿದರು. "ಅವರಿಗೆ ಇದೆಂದರೆ ಪ್ರಾಣವಾಗಿತ್ತು," ಎಂದರು. ಮಾವನವರು ಹೋದ ಮೇಲೆ ಅವರ ಮಾತು ಎತ್ತಿದ್ದು ಅದೇ ಮೊದಲು. ಆ ದಿನ ಬಹಳ ಹೊತ್ತು ಅತ್ತರು. ನಾನು ಏನೂ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ಈಗ ಅತ್ತೆ ದಿನವೂ ಅಡುಗೆಮನೆಗೆ ಬರುತ್ತಾರೆ. ಸ್ಟೂಲಿನ ಮೇಲೆ ಕೂತು ನನ್ನ ಒಂದೊಂದು ಕೆಲಸಕ್ಕೂ ಹೆಸರಿಡುತ್ತಾರೆ. ಈರುಳ್ಳಿ ದಪ್ಪ ಹೆಚ್ಚಿದೆ, ಒಗ್ಗರಣೆ ಸೀದಿದೆ, ಗ್ಯಾಸು ದಂಡ ಮಾಡುತ್ತಿದ್ದೀಯ... ನನಗೆ ಸಿಟ್ಟು ಬರುವುದಿಲ್ಲ ಎಂದರೆ ಸುಳ್ಳಾಗುತ್ತೆ. ಕೆಲವು ದಿನ ಪಾತ್ರೆ ಸ್ವಲ್ಪ ಜೋರಾಗಿಯೇ ಕುಕ್ಕುತ್ತೇನೆ. ಆದರೆ ಉಪ್ಪಿಲ್ಲದ ಸಾರನ್ನು ಮಾತಿಲ್ಲದೆ ತಿಂದು ಎದ್ದುಹೋದ ಆ ದಿನ ನೆನಪಾದರೆ ಸಿಟ್ಟು ಅಲ್ಲಿಗೇ ಇಳಿಯುತ್ತೆ.

ಇವತ್ತು ಬೆಳಿಗ್ಗೆಯೂ ಸಾರಿಗೆ ಉಪ್ಪು ಹೆಚ್ಚಂತೆ. ಹೇಳಿದರು. ಒಂದು ಲೋಟ ಬಿಸಿನೀರು ಬೆರೆಸಿ ಬಡಿಸಿದೆ.